ಆರಿದ್ರಾ ಮಳೆಯ ಚುಕ್ಕಿ

ಆರಿದ್ರಾ ಮಳೆ ಗೊತ್ತಿಲ್ಲದವರು ಮಲೆನಾಡಿನಲ್ಲಿ ಇರಲಿಕ್ಕಿಲ್ಲ. ಆದರೆ ಆರಿದ್ರಾ ನಕ್ಷತ್ರ ಯಾವುದು ಅಂತ ಆಕಾಶದಲ್ಲಿ ಬೆರಳಿಟ್ಟು ತೋರಿಸುವವರು ಎಷ್ಟು ಜನ? ಕಳೆದ ಡಿಸೆಂಬರಿನ ತನಕ ನನಗೂ ಗೊತ್ತಿರಲಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಂದು ಕಡೆ ಒಳಕ್ಕೆ ತಿರುಗಿ, ಅಡಿಕೆ ತೋಟ ದಾಟಿ ಗುಡ್ಡ ಹತ್ತಿದರೆ ತಗಡಿನ ಸೂರಿನ ಪುಟ್ಟ ಕೋಣೆ ಸಿಗುತ್ತದೆ. ಆ ಸೂರಿಗೆ ಗಾಲಿ ಇದೆ. ಇಬ್ಬರು ಸೇರಿ ತಳ್ಳಿದರೆ ಕಂಬಿಯ ಮೇಲೆ ಪಕ್ಕಕ್ಕೆ ಜಾರುತ್ತದೆ, ತಲೆ ಮೇಲೆ ಪೂರ್ತಿ ಆಕಾಶ. ಇದನ್ನು ನಡೆಸುವವರು ಒಬ್ಬ ಹೈಸ್ಕೂಲ್ ಮೇಷ್ಟ್ರು, ಒಬ್ಬ ಲೈನ್‌ಮನ್, ಕಾಲೇಜಿಗೆ ಹೋಗುವ ನಾಲ್ಕೈದು ಮಕ್ಕಳು. ಯಾರಿಗೂ ಸಂಬಳ ಇಲ್ಲ, ನೋಡಲು ಬಂದವರಿಗೆ ಟಿಕೆಟ್ ಇಲ್ಲ. ಅಮಾವಾಸ್ಯೆ ಹತ್ತಿರದ ಶನಿವಾರ ಬಾಗಿಲು ತೆಗೆಯುತ್ತಾರೆ. ಮಳೆಗಾಲ ಪೂರ್ತಿ ಬೀಗ. ಆ ನಾಲ್ಕು ತಿಂಗಳು ಟೆಲಿಸ್ಕೋಪಿನ ಕನ್ನಡಿಗೆ, ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಕಾಯುವುದೇ ಅವರಿಗೆ ದೊಡ್ಡ ಕೆಲಸ.

ಒಳಗೆ ಹೋದ ಕೂಡಲೇ ಮೊಬೈಲ್ ಜೇಬಿಗೆ ಹಾಕಿ ಅಂದರು. ಟಾರ್ಚಿಗೆಲ್ಲ ಕೆಂಪು ಕಾಗದ ಸುತ್ತಿದ್ದರು. ಇದಕ್ಕೆ ಕಾರಣ ಇದೆ. ಕಡಿಮೆ ಬೆಳಕಲ್ಲಿ ನೋಡಲು ನಮ್ಮ ಕಣ್ಣಿನಲ್ಲಿ ರೋಡಾಪ್ಸಿನ್ ಎಂಬ ವಸ್ತು ತುಂಬಿಕೊಳ್ಳಬೇಕು, ಅದಕ್ಕೆ 20ರಿಂದ 30 ನಿಮಿಷ ಕತ್ತಲೆ ಬೇಕು. ಒಂದು ಸಲ ಮೊಬೈಲ್ ನೋಡಿದರೆ ಅಷ್ಟೂ ಹೊತ್ತು ಕಾದದ್ದು ಹೋಯಿತು. ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಸುಮ್ನೆ ಕೂತೆವು. ಕಾಲು ಗಂಟೆ ಕಳೆಯುವಷ್ಟರಲ್ಲಿ, ಮೊದಲು ಖಾಲಿ ಕಾಣುತ್ತಿದ್ದ ಜಾಗದಲ್ಲೆಲ್ಲ ಚುಕ್ಕಿಗಳು ಬರತೊಡಗಿದವು.

ಟೆಲಿಸ್ಕೋಪನ್ನು ಆ ಮಕ್ಕಳೇ ಮಾಡಿದ್ದು. ಎರಡು ಗಾಜಿನ ಬಿಲ್ಲೆಗಳ ನಡುವೆ ಗಾಜನ್ನು ಸವೆಸುವ ಕಾರ್ಬೊರಂಡಮ್ ಪುಡಿ, ನೀರು ಹಾಕಿ ವಾರಗಟ್ಟಲೆ ತಿಕ್ಕಿದರೆ ಮೇಲಿನ ಗಾಜು ನಡುವೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ತಗ್ಗಾದದ್ದಕ್ಕೆ ಹೊಳಪು ಕೊಟ್ಟು ಅಲ್ಯೂಮಿನಿಯಂ ಲೇಪನ ಮಾಡಿಸಿದರೆ ಕನ್ನಡಿ ಸಿದ್ಧ. ಅದನ್ನು ಕೂರಿಸಿರುವುದು ಪ್ಲೈವುಡ್ ಪೆಟ್ಟಿಗೆಯ ಮೇಲೆ. ಈ ವಿನ್ಯಾಸ ಜಾನ್ ಡಾಬ್ಸನ್ ಅವರದ್ದು. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಅವರು ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ 23 ವರ್ಷ ಸನ್ಯಾಸಿಯಾಗಿದ್ದರು! ಕೈಗೆ ಸಿಕ್ಕ ಹಳೆ ಗಾಜು, ರಟ್ಟಿನ ಕೊಳವೆಯಲ್ಲಿ ಟೆಲಿಸ್ಕೋಪ್ ಮಾಡಿ ರಸ್ತೆ ಬದಿ ನಿಂತು ದಾರಿಹೋಕರಿಗೆಲ್ಲ ಚಂದ್ರನನ್ನು, ಶನಿಯನ್ನು ತೋರಿಸುತ್ತಿದ್ದರು. ನನಗೆ ಅವರ ಮೇಲೆ ತುಂಬಾ ಗೌರವ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲವಾಗುತ್ತದೆ, ಈ ಮಕ್ಕಳ ಕನ್ನಡಿ 8 ಇಂಚು, ಅಂದರೆ ಬರಿಗಣ್ಣಿಗಿಂತ ಸುಮಾರು 800 ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ.

ಒಂಬತ್ತೂವರೆ ಹೊತ್ತಿಗೆ ಮೇಷ್ಟ್ರು ಪೂರ್ವಕ್ಕೆ ಕೈ ತೋರಿಸಿದರು. ನೆತ್ತಿಯ ಹತ್ತಿರ ಕೃತ್ತಿಕೆ, ಅದರ ಕೆಳಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರಾ, ಮರಗಳ ತುದಿಯಲ್ಲಿ ಆಗಷ್ಟೇ ಏಳುತ್ತಿದ್ದ ಪುನರ್ವಸು. ನಮ್ಮ ಮಳೆಗಾಲ ಯಾವ ಸಾಲಿನಲ್ಲಿ ಬರುತ್ತದೋ ಅದೇ ಸಾಲಿನಲ್ಲಿ ಒಂದರ ಹಿಂದೆ ಒಂದು!

ನಮ್ಮ ಜೊತೆ ಪಕ್ಕದ ಊರಿನ ಒಬ್ಬರು ಅಜ್ಜಿ ಕಂಬಳಿ ಹೊದ್ದು ಕೂತಿದ್ದರು. ಮೊಮ್ಮಗಳು ಕರೆದುಕೊಂಡು ಬಂದಿದ್ದಳು. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ ಅಂತ ಹೇಳ್ಕೊಂಡೇ ಇಷ್ಟು ವರ್ಷ ಗದ್ದೆ ಮಾಡಿದ್ದು. ಅದನ್ನ ಕಣ್ಣಲ್ಲಿ ನೋಡ್ತೀನಿ ಅಂದ್ಕೊಂಡಿರಲಿಲ್ಲ" ಅಂದರು.

ನೋಡಿರದಿದ್ದಕ್ಕೆ ಕಾರಣ ಮೋಡ ಒಂದೇ ಅಲ್ಲ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ಸುತ್ತಿ ಬರುವ ಹಾಗೆ ನಮಗೆ ಕಾಣುತ್ತಾನೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅವನು ಆರಿದ್ರೆಯಲ್ಲಿ ಇರುವಾಗ, ಅಂದರೆ ಜೂನ್ 22ರ ಸುಮಾರಿಗೆ ಶುರುವಾಗುವುದು ಆರಿದ್ರಾ ಮಳೆ. ಆಗ ಆ ಚುಕ್ಕಿ ಸೂರ್ಯನ ಜೊತೆಗೇ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಮೋಡ ಪೂರ್ತಿ ಸರಿದರೂ ಕಾಣದು. ಆರು ತಿಂಗಳಾದ ಮೇಲೆ, ಭೂಮಿ ಸೂರ್ಯನ ಆಚೆ ಬದಿಗೆ ಹೋದಾಗ, ಅದೇ ಚುಕ್ಕಿ ರಾತ್ರಿಯಿಡೀ ಸಿಗುತ್ತದೆ. ಈ ಹೊಂದಾಣಿಕೆಯೂ ಶಾಶ್ವತ ಅಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಮ್ಮೆ ಓಲಾಡಿ ಒಂದು ಸುತ್ತು ಹಾಕುತ್ತದೆ, ಹಾಗಾಗಿ ಸಾವಿರ ವರ್ಷಕ್ಕೆ ಎರಡು ವಾರದಷ್ಟು ನಕ್ಷತ್ರ ಮತ್ತು ಋತುವಿನ ಲೆಕ್ಕ ಜಾರುತ್ತಾ ಹೋಗುತ್ತದೆ.

ಆರಿದ್ರೆಯನ್ನು ಬೇರೆ ಕಡೆ ಬೀಟಲ್‌ಜ್ಯೂಸ್ ಅನ್ನುತ್ತಾರೆ. ಟೆಲಿಸ್ಕೋಪಿನಲ್ಲೂ ಅದು ಚುಕ್ಕಿಯೇ, ಆದರೆ ಕೆಂಡದ ಬಣ್ಣ ಎದ್ದು ಕಾಣುತ್ತದೆ. ಅದನ್ನು ತಂದು ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳನ ಕಕ್ಷೆಯೂ ಒಳಗೆ ಹೋಗುತ್ತದೆ, ಅಷ್ಟು ದೊಡ್ಡದು. ದೂರ ಸುಮಾರು 500ರಿಂದ 700 ಜ್ಯೋತಿರ್ವರ್ಷ, ಹಾಗಾಗಿ ನಾವು ನೋಡಿದ್ದು ವಿಜಯನಗರದ ಅರಸರ ಕಾಲದ ಹೊತ್ತಿಗೆ ಹೊರಟ ಬೆಳಕು. ಮುದಿ ನಕ್ಷತ್ರ ಅದು, ಮುಂದೆ ಸಿಡಿಯಲಿದೆ. 2020ರ ಫೆಬ್ರವರಿ ಹೊತ್ತಿಗೆ ತೀರಾ ಮಂಕಾದಾಗ ಸಿಡಿದೇಬಿಡುತ್ತದೇನೋ ಅಂದುಕೊಂಡವರಿದ್ದರು. ಆಮೇಲೆ ನೋಡಿದರೆ ಅದೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅಡ್ಡ ಬಂದಿತ್ತು.

"ಇನ್ನೊಂದು ನೋಡಿ ಅಜ್ಜಿ" ಅಂತ ಹುಡುಗಿಯೊಬ್ಬಳು ಟೆಲಿಸ್ಕೋಪನ್ನು ಸ್ವಲ್ಪ ಬಲಕ್ಕೆ ತಿರುಗಿಸಿದಳು. ಸಾಲಾಗಿರುವ ಮೂರು ಚುಕ್ಕಿಗಳ ಪಕ್ಕದಲ್ಲಿ ಒಂದು ಬೂದಿ ಬಣ್ಣದ ಮಬ್ಬು, ನಡುವೆ ಒತ್ತೊತ್ತಾಗಿ ನಾಲ್ಕು ಪುಟ್ಟ ಚುಕ್ಕಿಗಳು. ಫೋಟೋಗಳಲ್ಲಿ ಅದು ಗುಲಾಬಿ ಬಣ್ಣ, ಯಾಕೆಂದರೆ ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಡುತ್ತದೆ, ಕಣ್ಣಿಗೆ ಅದು ಆಗದು. ನನಗಂತೂ ಆ ಬೂದಿ ಬಣ್ಣವೇ ಹೆಚ್ಚು ಇಷ್ಟವಾಯಿತು.

"ಇದೇನು, ಮೋಡ ಅಲ್ವಾ?" ಅಂದರು ಅಜ್ಜಿ.

ಮೋಡವೇ. 1,300 ಜ್ಯೋತಿರ್ವರ್ಷ ದೂರದ ಹೈಡ್ರೋಜನ್ ಮೋಡ, ಅದರೊಳಗೆ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹುಡುಗಿ ಹೇಳುತ್ತಾ ಹೋದಳು, ಅಜ್ಜಿ ಕಣ್ಣು ತೆಗೆಯಲಿಲ್ಲ, ಹಿಂದೆ ನಿಂತ ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಮೊಮ್ಮಗಳು ಮನೆಗೆ ಹೋಗೋಣ ಅಂದಳು. ಇಬ್ಬನಿ ಬೀಳತೊಡಗಿತ್ತು, ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡುತ್ತಿದ್ದರು. ಅಜ್ಜಿ ಏಳಲಿಲ್ಲ. "ಪುಷ್ಯ ಎಷ್ಟೊತ್ತಿಗೆ ಬರುತ್ತೆ ಮೇಷ್ಟ್ರೇ?"

"ಗುಡ್ಡ ದಾಟಿ ಮೇಲೆ ಬರೋದು ಹನ್ನೊಂದಾಗುತ್ತೆ, ಅಮ್ಮ."

ಅಜ್ಜಿ ಕಂಬಳಿಯನ್ನು ತಲೆ ತುಂಬ ಎಳೆದುಕೊಂಡು ಪೂರ್ವಕ್ಕೆ ತಿರುಗಿ ಕೂತರು.