ಗೇಟಿನ ಪಕ್ಕದ ಸೈಕಸ್, ಅಂಗಳದ ನಾಯಿ

ನರ್ಸರಿಯಲ್ಲಿ ಸೈಕಸ್ ಕೊಳ್ಳುವವರು ಬಿಸಿಲು ಎಷ್ಟು ಬೇಕು, ನೀರು ಎಷ್ಟು ಹಾಕಬೇಕು ಎಂದೆಲ್ಲ ವಿಚಾರಿಸುತ್ತಾರೆ. ನಾಯಿ ಸಾಕಿದ ಮನೆಗೆ ಇದು ಆಗಿಬರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೋಟು ಕಾಂಡ, ಸುತ್ತ ಹರಡಿದ ಗರಿ. ತಾಳೆಮರದ ಮರಿಯಂತೆ ಕಂಡರೂ ಇದು ತಾಳೆಯ ಜಾತಿಯಲ್ಲ. ಜಪಾನಿನ ದಕ್ಷಿಣ ದ್ವೀಪಗಳ ಮೂಲದ, ಹೂವನ್ನೇ ಬಿಡದ ಪುರಾತನ ಸಸ್ಯ.

ಬೇರಿನಿಂದ ಗರಿಯ ತುದಿವರೆಗೆ ಎಲ್ಲವೂ ವಿಷ. ಬೀಜದಲ್ಲಂತೂ ಅತಿ ಹೆಚ್ಚು. ಸೈಕಸ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ. ಹೆಣ್ಣು ಗಿಡದ ನೆತ್ತಿಯಲ್ಲಿ, ಕಂದು ರೋಮ ಮುಚ್ಚಿದ ಎಲೆಗಳ ನಡುವೆ ಕಿತ್ತಳೆಗೆಂಪು ಬೀಜಗಳು ಕಟ್ಟುತ್ತವೆ. ಬಲಿತು ಕೆಳಗೆ ಬಿದ್ದರೆ ನಾಯಿಮರಿಗೆ ಅದೇ ಆಟದ ಚೆಂಡು. ಒಂದೆರಡು ಬೀಜ ಸಾಕು, ಜೀವಕ್ಕೇ ಕುತ್ತು.

ವಿಷದ ಹೆಸರು ಸೈಕಾಸಿನ್. ಅದರ ಅಣುವಿಗೆ ಸಕ್ಕರೆಯ ತುಣುಕೊಂದು ಅಂಟಿಕೊಂಡಿರುತ್ತದೆ. ಅದು ಅಂಟಿಕೊಂಡಿರುವವರೆಗೂ ಕೇಡು ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಕಳಚಿಬಿಟ್ಟರೆ ಉಳಿದ ಭಾಗ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುತ್ತದೆ. ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೈಕಾಸಿನ್ ತಿನ್ನಿಸಿದಾಗ ಅವಕ್ಕೆ ಏನೂ ಆಗಲಿಲ್ಲ, ತಿಂದದ್ದು ಹಾಗೆಯೇ ಹೊರಬಿತ್ತು.

ಇಲ್ಲಿ ಜನ ಮೋಸಹೋಗುವುದು ಲಕ್ಷಣಗಳ ಸರದಿಯಲ್ಲಿ. ಮೊದಲ ಕೆಲವು ಗಂಟೆಗಳಲ್ಲಿ ನಾಯಿ ವಾಂತಿ ಮಾಡಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ಆಮೇಲೆ ಕೊಂಚ ಚೇತರಿಸಿಕೊಂಡಂತೆ ಕಾಣಬಹುದು. ಎರಡು ಮೂರು ದಿನ ಕಳೆದು ಕಣ್ಣು, ಒಸಡು ಹಳದಿಗೆ ತಿರುಗಿದಾಗ ಯಕೃತ್ತು ಕೈಕೊಟ್ಟಿರುತ್ತದೆ. ಆದ್ದರಿಂದ ಬೀಜ ಕಚ್ಚಿದ್ದು ಕಂಡ ಕೂಡಲೇ, ಲಕ್ಷಣಕ್ಕೆ ಕಾಯದೆ, ಪಶುವೈದ್ಯರಲ್ಲಿಗೆ ಓಡಬೇಕು. ಉಳಿದ ಬೀಜದ ಚೂರು ಜೊತೆಗಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡವೇ ಬೇಡ. ಉಪ್ಪು ಹೆಚ್ಚಾದರೆ ಅದೂ ನಾಯಿಗೆ ವಿಷವೇ.

ಪೂಜೆಗೆ ಹೂ ಕೊಡುವ ಕಣಗಿಲೆಯ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಎಲೆ ಬಲು ಕಹಿ, ಹಾಗಾಗಿ ಪ್ರಾಣಿಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದರೆ ಒಣಗಿದರೂ ವಿಷ ಹೋಗದು. ಕತ್ತರಿಸಿದ ಕೊಂಬೆಗಳನ್ನು ಅಂಗಳದಲ್ಲೇ ಗುಡ್ಡೆ ಹಾಕಬಾರದು. ಬೆಕ್ಕು, ಮೊಲಗಳಿಗೂ ಇದೇ ಅಪಾಯ.

ಸೈಕಸ್ ಬಿಡಲಾರೆ ಎನ್ನುವವರು ಬೀಜ ಬಲಿಯುವ ಮೊದಲೇ ಕೈಗವಸು ತೊಟ್ಟು ನೆತ್ತಿಯ ಗೊಂಚಲನ್ನು ಕತ್ತರಿಸಿ ತೆಗೆಯಬಹುದು. ಕಂಡದ್ದನ್ನೆಲ್ಲ ಕಚ್ಚುವ ಮರಿಯಿರುವ ಮನೆಯಲ್ಲಿ ಅಷ್ಟು ಸಾಲದು. ಅಲ್ಲಿ ಗಿಡವನ್ನೇ ಬೇಲಿಯಾಚೆ ಸಾಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.