ವೆಲ್ಕ್ರೋದೊಳಗಿನ ಉತ್ತರಾಣಿ

ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪ ತಲುಪುವ ಹಿಂದಿನ ದಿನ ನಮ್ಮ ಹಡಗಿನ ದೊಡ್ಡ ಹಾಲ್ ದರ್ಜಿ ಅಂಗಡಿಯ ಹಾಗೆ ಕಾಣುತ್ತದೆ. ನೆಲದ ತುಂಬ ಜಾಕೆಟ್, ಪ್ಯಾಂಟ್, ಕ್ಯಾಮೆರಾ ಬ್ಯಾಗ್. ಪ್ರಯಾಣಿಕರ ಕೈಯಲ್ಲಿ ಚಿಮಟ, ಸೇಫ್ಟಿ ಪಿನ್ನು, ಹಳೇ ಟೂತ್‌ಬ್ರಷ್. ಒಂದು ಮೂಲೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಗುಂಯ್ ಅನ್ನುತ್ತಿರುತ್ತದೆ. ಪ್ರತಿ ಜೇಬನ್ನೂ ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಸಂದಿಯಲ್ಲಿರುವ ಕಸವನ್ನೆಲ್ಲ ತೆಗೆಯಬೇಕು.

ಒಮ್ಮೆ ಬೆಂಗಳೂರಿನ ಹಿರಿಯರೊಬ್ಬರು ಬಂದಿದ್ದರು. "ಏನಮ್ಮಾ, ಇಷ್ಟು ದುಡ್ಡು ಕೊಟ್ಟು ಬಂದಿರೋದು ಬಟ್ಟೆ ಕ್ಲೀನ್ ಮಾಡೋಕಾ?" ಅಂದರು. "ಎರಡು ನಿಮಿಷ ಕೊಡಿ ಅಂಕಲ್" ಎಂದು ಅವರ ಪ್ಯಾಂಟಿನ ಕಾಲಿನ ವೆಲ್ಕ್ರೋ ಪಟ್ಟಿ ಬಿಚ್ಚಿ ಟಾರ್ಚ್ ಹಿಡಿದೆ. ಒಳಗೆ ಮೂರು ಉತ್ತರಾಣಿ ಬೀಜ ಕೂತಿದ್ದವು. ಊರ ಕಡೆ ನಡೆದರೆ ಪಂಚೆಗೆ, ಸೀರೆಯ ಅಂಚಿಗೆ ಅಂಟಿಕೊಂಡು ಬರುತ್ತದಲ್ಲ, ಅದೇ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಅಯ್ಯೋ, ಇದು ಕೊಡಚಾದ್ರಿದು!" ಅಂದರು. ಆಮೇಲೆ ಸುಮಾರು ಎರಡು ಗಂಟೆ ಅವರು ಆ ಜಾಗ ಬಿಟ್ಟು ಏಳಲಿಲ್ಲ.

ಆ ಚಳಿಗೆ ಉತ್ತರಾಣಿ ಬದುಕಲಿಕ್ಕಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಹಿಮಾಲಯದ ಹುಲ್ಲಿನ ಬೀಜ ಇದ್ದಿದ್ದರೆ? ಯೂರೋಪಿನಿಂದ ಬಂದ ಸಣ್ಣ ಹುಲ್ಲು, ಕಳೆ ಎಷ್ಟೋ ಈಗಾಗಲೇ ಅಲ್ಲಿ ಬೇರು ಬಿಟ್ಟಿವೆ. ಅವನ್ನು ಹುಡುಕಿ ಕೀಳುವುದೇ ಅಲ್ಲಿ ವರ್ಷವರ್ಷದ ಕೆಲಸವಾಗಿದೆ.

ನಾನು ಈ ಹಡಗುಗಳಲ್ಲಿ ವನ್ಯಜೀವಿ ಗೈಡ್. ಫಾಕ್‌ಲ್ಯಾಂಡ್ ದ್ವೀಪಗಳು, ಅಲ್ಲಿಂದ ಪೂರ್ವಕ್ಕೆ ಸುಮಾರು 1,400 ಕಿ.ಮೀ. ದೂರದ ದಕ್ಷಿಣ ಜಾರ್ಜಿಯಾ, ಇದೇ ನಮ್ಮ ದಾರಿ. "ಯಾವ ಲೆನ್ಸ್ ತರಬೇಕು?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಏನನ್ನು ತರಬಾರದು ಅನ್ನುವ ಪ್ರಶ್ನೆ ಮಾತ್ರ ಯಾರಿಂದಲೂ ಬರುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯವಾದ ಪ್ರಶ್ನೆ.

ದಕ್ಷಿಣ ಜಾರ್ಜಿಯಾ ಸುಮಾರು 170 ಕಿ.ಮೀ. ಉದ್ದದ, ಹಿಮ ಹೊದ್ದ ಬೆಟ್ಟಗಳ ದ್ವೀಪ. ಖಾಯಂ ಆಗಿ ನೆಲೆಸಿದವರು ಯಾರೂ ಇಲ್ಲ. ಅಲ್ಲಿರುವುದು ಕೆಲವು ವಿಜ್ಞಾನಿಗಳು, ಅಧಿಕಾರಿಗಳು, ಮ್ಯೂಸಿಯಂ ಸಿಬ್ಬಂದಿ ಅಷ್ಟೆ. ಸೇಂಟ್ ಆಂಡ್ರ್ಯೂಸ್ ಕೊಲ್ಲಿಯೊಂದರಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜೋಡಿ ಕಿಂಗ್ ಪೆಂಗ್ವಿನ್‌ಗಳಿವೆ. ದಡ ಮುಟ್ಟುವ ಮೊದಲೇ ಅವುಗಳ ಸದ್ದು ಕೇಳಿಸುತ್ತದೆ, ವಾಸನೆಯೂ ಬರುತ್ತದೆ.

1775ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿ ಇಳಿದರು. ಅವರ ವರದಿ ಓದಿ ಸೀಲ್ ಬೇಟೆಗಾರರು ಬಂದರು. ಅವರ ಹಡಗುಗಳಿಂದ ಇಲಿಗಳು ಇಳಿದವು. ಅಲ್ಲಿ ಮರವೇ ಇಲ್ಲ, ಹಕ್ಕಿಗಳು ಗೂಡು ಕಟ್ಟುವುದು ನೆಲದ ಮೇಲೆ ಅಥವಾ ಬಿಲದಲ್ಲಿ. ಇಲಿಯನ್ನು ಕಂಡೇ ಅರಿಯದ ಹಕ್ಕಿಗೆ ಹೆದರಬೇಕು ಅನ್ನುವುದೂ ಗೊತ್ತಿಲ್ಲ. ಮೊಟ್ಟೆ, ಮರಿ ಎಲ್ಲ ಇಲಿಯ ಪಾಲಾದವು. ಪಿಪಿಟ್ ಅನ್ನುವ ಸಣ್ಣ ಹಕ್ಕಿ ಇಲಿ ಮುಟ್ಟದ ಪುಟ್ಟ ದ್ವೀಪಗಳಲ್ಲಿ, ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಮಾತ್ರ ಉಳಿಯಿತು. ಅದು ಆ ದ್ವೀಪದ ಒಂದೇ ಹಾಡುಹಕ್ಕಿ, ಜಗತ್ತಿನ ಬೇರೆಲ್ಲೂ ಇಲ್ಲ. ನಮ್ಮ ಗದ್ದೆ ಬದುವಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಪಿಪಿಟ್‌ನ ದೂರದ ನೆಂಟ.

ಇಲಿಗಳು ಇಡೀ ದ್ವೀಪ ಹರಡದಂತೆ ತಡೆದಿದ್ದು ಹಿಮನದಿಗಳು. ಸಮುದ್ರದವರೆಗೂ ಇಳಿದಿದ್ದ ಮಂಜಿನ ಗೋಡೆಯನ್ನು ದಾಟಲು ಇಲಿಗೆ ಆಗುತ್ತಿರಲಿಲ್ಲ. ಬಿಸಿ ಏರಿದಂತೆ ಆ ಹಿಮನದಿಗಳು ಹಿಂದೆ ಸರಿಯತೊಡಗಿದವು. ಬೇಲಿ ಪೂರ್ತಿ ಬೀಳುವ ಮೊದಲೇ ಕೆಲಸ ಮುಗಿಸಬೇಕಿತ್ತು. ದಕ್ಷಿಣ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್‌ನವರು 2011ರಿಂದ 2015ರವರೆಗೆ ಮೂರು ಹಂತಗಳಲ್ಲಿ ಹೆಲಿಕಾಪ್ಟರ್‌ನಿಂದ ಇಲಿ ಪಾಷಾಣ ಹಾಕಿದರು. ಆಮೇಲೆ ನಾಯಿಗಳನ್ನು ಕರೆತಂದು ಮೂಸಿಸಿ ನೋಡಿದರು. 2018ರ ಮೇನಲ್ಲಿ ದ್ವೀಪ ಇಲಿಮುಕ್ತ ಎಂದು ಘೋಷಿಸಿದರು. ಇಷ್ಟು ದೊಡ್ಡ ಜಾಗದಲ್ಲಿ ಜಗತ್ತಿನಲ್ಲಿ ಇಂಥ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ. ಈಗ ಗ್ರಿಟ್‌ವಿಕನ್‌ನ ತುಕ್ಕು ಹಿಡಿದ ತಿಮಿಂಗಿಲ ಕಾರ್ಖಾನೆಯ ಸುತ್ತಮುತ್ತಲೇ ಪಿಪಿಟ್ ಹಾಡುತ್ತದೆ. ಅಲ್ಲಿರುವ ಧ್ರುವ ಅನ್ವೇಷಕ ಶ್ಯಾಕಲ್‌ಟನ್ ಸಮಾಧಿ ನೋಡಲು ಬಂದವರಿಗೆ ನಾನು, "ಸ್ವಲ್ಪ ಸುಮ್ನೆ ನಿಂತು ಕೇಳಿ" ಅನ್ನುತ್ತೇನೆ. ಆ ದನಿ ಕೇಳಿದಾಗ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಇಲಿ ಬಾರದೇ ಇದ್ದರೆ ಹೇಗಿರುತ್ತದೆ ಅನ್ನುವುದನ್ನು ನೋಡಬೇಕಾದರೆ ಫಾಕ್‌ಲ್ಯಾಂಡ್‌ನ ಕಾರ್ಕಸ್ ದ್ವೀಪಕ್ಕೆ ಹೋಗಬೇಕು. ಫಾಕ್‌ಲ್ಯಾಂಡ್‌ನಲ್ಲಿ ಏಳುನೂರಕ್ಕೂ ಹೆಚ್ಚು ದ್ವೀಪಗಳು, ಜನ ಸುಮಾರು 3,600 ಮಾತ್ರ. ಹೆಚ್ಚಿನವರು ಸ್ಟಾನ್ಲಿ ಪಟ್ಟಣದಲ್ಲೇ ಇರುತ್ತಾರೆ. ಕಾರ್ಕಸ್‌ನಲ್ಲಿ ಬೆರಳಲ್ಲಿ ಎಣಿಸುವಷ್ಟು ಜನ. ನೂರು ವರ್ಷಕ್ಕೂ ಮೇಲೆ ಅಲ್ಲಿ ಕುರಿ ಸಾಕಿದ್ದಾರೆ, ಆದರೆ ಇಲಿಯಾಗಲಿ ಬೆಕ್ಕಾಗಲಿ ಬಂದಿಲ್ಲ. ದಡದ ಕಡಲಪಾಚಿಯ ನಡುವೆ ಕಾಬ್ಸ್ ರೆನ್ ಅನ್ನುವ ಮುಷ್ಟಿಗಿಂತ ಚಿಕ್ಕ ಕಂದು ಹಕ್ಕಿ ಬೂಟಿನ ಹತ್ತಿರವೇ ಹುಳ ಹುಡುಕುತ್ತ ಓಡಾಡುತ್ತದೆ. ಇಲಿ ಇರುವ ದ್ವೀಪಗಳಲ್ಲಿ ಅದು ಇಲ್ಲ. ತೋಟದ ಮನೆಯವರು ಟೀ ಜೊತೆ ಮೇಜಿನ ತುಂಬ ಕೇಕು, ಬಿಸ್ಕತ್ತು ಇಡುತ್ತಾರೆ. ಹೊರಗೆ ಕ್ಯಾರಾಕ್ಯಾರಾ ಅನ್ನುವ ಗಿಡುಗ ಜಾತಿಯ ಹಕ್ಕಿ ನಿಮ್ಮ ಟೋಪಿ ಎತ್ತಿಕೊಂಡು ಹೋಗಲು ಕಾಯುತ್ತಿರುತ್ತದೆ. ಬ್ಯಾಗಿನ ಜಿಪ್ ಹಾಕಿಡಿ.

2023ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾ ಮುಟ್ಟಿತು. ಮೊದಲು ಸ್ಕೂವಾ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ಆಮೇಲೆ ಆನೆಸೀಲ್‌ಗಳೂ ಸತ್ತವು. ಆವತ್ತಿನಿಂದ ನಮ್ಮ ನಿಯಮ ಬಿಗಿಯಾಗಿದೆ. ದಡದಲ್ಲಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಬ್ಯಾಗು ಕೆಳಗಿಡುವಂತಿಲ್ಲ. ನೆಲ ಮುಟ್ಟುವುದು ಬೂಟು ಮಾತ್ರ. ಹತ್ತುವಾಗಲೂ ಇಳಿಯುವಾಗಲೂ ಆ ಬೂಟನ್ನು ಬ್ರಷ್‌ನಲ್ಲಿ ಉಜ್ಜಿ ಕ್ರಿಮಿನಾಶಕದಲ್ಲಿ ಅದ್ದುತ್ತೇವೆ. ಮಲಗಿ ಫೋಟೋ ತೆಗೆಯುವ ಆಸೆ ಇದ್ದವರಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಹಕ್ಕಿಗಳ ಒಂದು ಕಾಲೊನಿಯ ಹಿಕ್ಕೆ ಅಂಗಿಗೆ ಮೆತ್ತಿಕೊಂಡು ಮಧ್ಯಾಹ್ನ ಇನ್ನೊಂದು ಕಾಲೊನಿಗೆ ಹೋದರೆ ರೋಗವನ್ನು ನಾವೇ ಹೊತ್ತು ಹಾಕಿದಂತಾಗುತ್ತದೆ, ಅಲ್ವಾ?

ಹೊರಡುವವರು ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡು ಬನ್ನಿ. ಚಾರಣದ ಹಳೇ ಶೂ ಮನೆಯಲ್ಲೇ ಇರಲಿ. ಹೆಚ್ಚಿನ ಹಡಗುಗಳಲ್ಲಿ ಗಂಬೂಟು ಕೊಡುತ್ತಾರೆ. ವೆಲ್ಕ್ರೋ ಕಡಿಮೆ ಇರುವ ಬಟ್ಟೆ ಆರಿಸಿ. ಉಣ್ಣೆ ಟೋಪಿ, ಕಾಲುಚೀಲ ಹುಲ್ಲಿನ ಬೀಜವನ್ನು ಬಿಡುವುದೇ ಇಲ್ಲ, ಒಗೆದರೂ ಹೋಗದು, ಒಂದೊಂದಾಗಿ ಕೀಳಬೇಕು. ಗ್ರಿಟ್‌ವಿಕನ್‌ನಲ್ಲಿ ಸರ್ಕಾರಿ ಅಧಿಕಾರಿಗಳು ಹಡಗಿಗೆ ಬಂದು ಪ್ರಯಾಣಿಕರ ಬೂಟು, ಜೇಬು ತಪಾಸಣೆ ಮಾಡುತ್ತಾರೆ.

ಬೀಜದ ಹಾಗೆ ನಾವು ಹೊತ್ತು ತರುವ ಇನ್ನೊಂದು ವಸ್ತು ಬೆಳಕು. ಬಿಲದಲ್ಲಿ ಗೂಡು ಮಾಡುವ ಪೆಟ್ರೆಲ್ ಹಕ್ಕಿಗಳು ಕತ್ತಲಲ್ಲೇ ದಡಕ್ಕೆ ಬರುತ್ತವೆ. ಮಂಜು ಕವಿದ ರಾತ್ರಿ ಹಡಗಿನ ದೀಪಕ್ಕೆ ದಾರಿ ತಪ್ಪಿ ಡೆಕ್ಕಿಗೆ ಬಡಿದು ಬೀಳುತ್ತವೆ. ಒಂದು ರಾತ್ರಿ ಯಾರೋ ಪರದೆ ಎಳೆಯಲು ಮರೆತಿದ್ದರು. ಅವರ ಕಿಟಕಿಯ ಕೆಳಗೇ ಡೈವಿಂಗ್ ಪೆಟ್ರೆಲ್ ಒಂದು ಒದ್ದೆಯಾಗಿ ಬಿದ್ದಿತ್ತು. ಎತ್ತಿಕೊಂಡರೆ ಅಂಗೈ ತುಂಬ ಅಷ್ಟೇ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಒಣಬಟ್ಟೆ ಹಾಸಿ, ಮುಚ್ಚಿ, ಕತ್ತಲೆ ಕೋಣೆಯಲ್ಲಿಟ್ಟೆ. ರೆಕ್ಕೆ ಒಣಗಿದ ಮೇಲೆ, ಬೆಳಕು ಹರಿಯುವ ಮೊದಲೇ, ದೀಪವಿಲ್ಲದ ಬದಿಯಲ್ಲಿ ಮುಚ್ಚಳ ತೆಗೆದೆ. ಒಂದು ಗಳಿಗೆ ಅಂಚಿನಲ್ಲಿ ಕೂತು, ನೀರಿನ ಕಡೆ ಜಿಗಿದು ಹೋಯಿತು. ಆವತ್ತಿನಿಂದ ಸಂಜೆ ಕತ್ತಲಾಗುವ ಹೊತ್ತಿಗೆ ಡೆಕ್ ಮೇಲೆ ಒಂದು ಸುತ್ತು ಹೋಗಿ, ಎಲ್ಲ ಕಿಟಕಿಗಳ ಪರದೆ ಎಳೆದಿದೆಯಾ ಎಂದು ನಾನೇ ನೋಡಿ ಬರುತ್ತೇನೆ.