ಬಿ ಕಾಂಪ್ಲೆಕ್ಸ್ ನುಂಗಿದರೂ ಸುಸ್ತು ಹೋಗುತ್ತಿಲ್ಲ, ಇನ್ಯಾವ ವಿಟಮಿನ್ ತೆಗೆದುಕೊಳ್ಳಲಿ?

ಪ್ರಶ್ನೆ: ಏಳೆಂಟು ತಿಂಗಳಿಂದ ವಿಪರೀತ ಸುಸ್ತು. ಬೆಳಗ್ಗೆ ಏಳುವಾಗಲೇ ಮೈ ಭಾರ. ಮೆಡಿಕಲ್ ಶಾಪಿನಲ್ಲಿ ಕೇಳಿ ಬಿ ಕಾಂಪ್ಲೆಕ್ಸ್ ತೆಗೆದುಕೊಳ್ಳುತ್ತಿದ್ದೇನೆ, ಏನೂ ಬದಲಾಗಿಲ್ಲ. ನಾನು ಸಸ್ಯಾಹಾರಿ, ವಯಸ್ಸು 39. ಯಾವ ವಿಟಮಿನ್ ತೆಗೆದುಕೊಂಡರೆ ಒಳ್ಳೆಯದು?

ಉತ್ತರ: ಮಾತ್ರೆ ಬದಲಿಸುವ ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ವಿಟಮಿನ್ ಮಾತ್ರೆ ತಾನಾಗಿ ಶಕ್ತಿ ಕೊಡುವುದಿಲ್ಲ. ದೇಹದಲ್ಲಿ ಆ ವಿಟಮಿನ್ನಿನ ಕೊರತೆ ಇದ್ದರೆ ತುಂಬಿಕೊಡುತ್ತದೆ, ಅಷ್ಟೇ. ಬಿ ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದನ್ನು ನೀವೂ ಗಮನಿಸಿರಬಹುದು. ಹೆಚ್ಚಾದ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಹೊರಗೆ ಹೋಗುವ ಬಣ್ಣ ಅದು.

ಸಸ್ಯಾಹಾರಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಬಿ12 ಕೊರತೆಯನ್ನು. ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ಅದು ಇಲ್ಲ. ಸಸ್ಯಾಹಾರಿಗಳಿಗೆ ಸಿಗುವುದು ಹಾಲು, ಮೊಸರಿನಿಂದ. ದಿನದ ಅಗತ್ಯವೆಲ್ಲ ಹಾಲಿನಿಂದಲೇ ಬರಬೇಕೆಂದರೆ ಸುಮಾರು ಅರ್ಧ ಲೀಟರ್ ಬೇಕು. ಎರಡು ಲೋಟ ಕಾಫಿಯ ಹಾಲು, ಊಟದ ಕೊನೆಗೊಂದಿಷ್ಟು ನೀರುಮಜ್ಜಿಗೆ ಸಾಲದು. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ವರ್ಷಗಟ್ಟಲೆ ತಲೆ ಎತ್ತುವುದಿಲ್ಲ. ಆಮೇಲೆ ಸುಸ್ತಿನ ಜೊತೆಗೆ ಅಂಗಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಬಾಯಿಹುಣ್ಣು, ಮರೆವು ಶುರುವಾಗಬಹುದು. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಅಥವಾ ಆಸಿಡಿಟಿಗೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲೂ ಬಿ12 ಇಳಿಯಬಹುದು, ಅವರು ಮಾಂಸಾಹಾರಿಗಳಾಗಿದ್ದರೂ.

ನನಗೆ ಹೆಚ್ಚು ಆತಂಕವಾಗುವುದು ಇಲ್ಲಿಯೇ. ಬಿ ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫೋಲಿಕ್ ಆಸಿಡ್ ಎಂಬ ಇನ್ನೊಂದು ಬಿ ವಿಟಮಿನ್ ಇರುತ್ತದೆ. ಬಿ12 ಕೊರತೆಯಿಂದ ಬಂದ ರಕ್ತಹೀನತೆಯನ್ನು ಫೋಲಿಕ್ ಆಸಿಡ್ ಸರಿಪಡಿಸಬಲ್ಲದು. ಆದರೆ ನರಗಳಿಗೆ ಆಗುತ್ತಿರುವ ಹಾನಿಯನ್ನು ಅದು ತಡೆಯಲಾರದು. ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ಸಮಾಧಾನದಿಂದಿರುವಾಗಲೇ ಕಾಲಿನ ನರಗಳು ಸೋಲುತ್ತಿರಬಹುದು. ಮಾತ್ರೆಯಲ್ಲಿ ಸ್ವಲ್ಪ ಬಿ12 ಇದ್ದರೂ ತೊಂದರೆಯೇ: ಪರೀಕ್ಷೆಯ ಅಂಕಿ ಮೇಲೇರಿ, ನಿಜವಾದ ಕೊರತೆ ವರದಿಯಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಡಾಕ್ಟರ ಬಳಿ ತೆಗೆದುಕೊಂಡು ಹೋಗಿ. ಕೊರತೆ ಖಚಿತವಾದರೆ ಇಂಜೆಕ್ಷನ್ ಬೇಕೋ ಹೆಚ್ಚಿನ ಪ್ರಮಾಣದ ಮಾತ್ರೆ ಸಾಕೋ ಎಂದು ಅವರೇ ಹೇಳುತ್ತಾರೆ.

ಎರಡನೆಯದು ಕಬ್ಬಿಣ. ಅದು ವಿಟಮಿನ್ ಅಲ್ಲ, ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಅದೇ ಆಗಿರುವ ಸಾಧ್ಯತೆ ಚೆನ್ನಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12, ಅಂದರೆ ಸರಿಯಾಗಿಯೇ, ಇದ್ದರೂ ಫೆರಿಟಿನ್, ಅಂದರೆ ದೇಹದಲ್ಲಿ ಸಂಗ್ರಹವಾದ ಕಬ್ಬಿಣ, ಬರಿದಾಗಿರಬಹುದು. ಅಷ್ಟೇ ಸುಸ್ತಿಗೆ ಸಾಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ, ಯಾಕೆಂದರೆ ಅದನ್ನು ಸರಿಪಡಿಸದೆ ಮಾತ್ರೆಯೊಂದನ್ನೇ ನುಂಗಿ ಪ್ರಯೋಜನವಿಲ್ಲ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ.

ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ. 60,000 ಯೂನಿಟ್‌ನ ಪುಡಿ ಪೊಟ್ಟಣ ಅಥವಾ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವೇ ವಾರಗಳಿಗೆ ಬರೆದುಕೊಡುತ್ತಾರೆ. ಅದನ್ನೇ ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಇನ್ನಷ್ಟು ಸುಸ್ತು ಬರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಥೈರಾಯ್ಡ್ ವರದಿಯನ್ನು ಅದು ತಪ್ಪಾಗಿ ತೋರಿಸಬಲ್ಲದು.

ರಕ್ತಕಣಗಳ ಎಣಿಕೆ, ಫೆರಿಟಿನ್, ಬಿ12, ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ ಎಲ್ಲವೂ ಸರಿಯಿದ್ದರೆ? ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ಕಟ್ಟುತ್ತದೆಯೇ, ಮನಸ್ಸು ಕುಗ್ಗಿದೆಯೇ ಎಂದು ನೋಡಬೇಕಾಗುತ್ತದೆ. ಇನ್ನು ಕೆಲವರಿಗೆ ಸ್ವಲ್ಪ ಕೆಲಸ ಮಾಡಿದರೂ ಮರುದಿನ, ಕೆಲವೊಮ್ಮೆ ವಾರಗಟ್ಟಲೆ, ಹಾಸಿಗೆ ಹಿಡಿಯುವಂತಾಗುತ್ತದೆ. ಎಷ್ಟು ಮಲಗಿದರೂ ಆಯಾಸ ಕಳೆಯುವುದಿಲ್ಲ. ಆರು ತಿಂಗಳಿಗೂ ಮೀರಿ ಹೀಗಿದ್ದರೆ ಅದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು. ಮನೆಯವರು ಅದನ್ನು ಸೋಮಾರಿತನ ಎಂದು ಹೀಗಳೆಯುವುದು ತಪ್ಪು; ಅದು ನಿಜವಾದ ಕಾಯಿಲೆ. ವಿಟಮಿನ್ ಮಾತ್ರೆಗಳಿಂದ ಅದು ಗುಣವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ವ್ಯಾಯಾಮವನ್ನು ದಿನೇ ದಿನೇ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನೂ ಅದು ಕೈಬಿಟ್ಟಿದೆ. ದೇಹ ತಾಳುವಷ್ಟೇ ಕೆಲಸ ಮಾಡಿ, ದಣಿಯುವ ಮುಂಚೆಯೇ ವಿಶ್ರಾಂತಿ ಪಡೆಯುವುದು ಸದ್ಯಕ್ಕಿರುವ ದಾರಿ.

ಸುಸ್ತಿನ ಜೊತೆಗೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಅಥವಾ ಕಬ್ಬಿಣದ ಮಾತ್ರೆ ನುಂಗದೆಯೂ ಮಲ ಕಪ್ಪಗಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.